ಟೆಕ್ಸಾಸ್‌ನಲ್ಲಿ ಒಂದು ಕಾಗದವೂ ಬೇಡ, ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೊಂದು ಅಫಿಡವಿಟ್: ಮನೆಶಾಲೆ ಕಾನೂನು ಮಾಡಿಸುವವರು ಯಾರು, ಬದಲಿಸುವವರು ಯಾರು?

ಹೊಂಗೆನೆರಳು (ಪ್ರಶ್ನೆ)

ಈ ಬೇಸಿಗೆಯಲ್ಲಿ ಟೆಕ್ಸಾಸ್‌ನಿಂದ ಪೆನ್ಸಿಲ್ವೇನಿಯಾಕ್ಕೆ ವಾಸ ಬದಲಾಗುತ್ತಿದೆ. ಮಕ್ಕಳಿಬ್ಬರೂ ಮನೆಯಲ್ಲೇ ಕಲಿಯುವವರು. ಮುಂದಿನ ವರ್ಷ ಒಬ್ಬಳದು 5ನೇ ತರಗತಿ, ಇನ್ನೊಬ್ಬನದು 8ನೇ ತರಗತಿ. ಟೆಕ್ಸಾಸ್‌ನಲ್ಲಿ ಯಾರಿಗೂ ಏನೂ ಬರೆದುಕೊಡಬೇಕಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅಫಿಡವಿಟ್, ಪರೀಕ್ಷೆ, ಮೌಲ್ಯಮಾಪಕ ಎಂದೆಲ್ಲ ಕೇಳಿಬರುತ್ತಿದೆ.

ಒಂದೇ ದೇಶದಲ್ಲಿ ಇಷ್ಟು ಅಂತರ ಏಕೆ? ಇನ್ನೊಂದು ಪ್ರಶ್ನೆ. "ನಿಮ್ಮ ಹಕ್ಕು ಕಸಿಯುತ್ತಿದ್ದಾರೆ, ಈಗಲೇ ಶಾಸಕರಿಗೆ ಫೋನ್ ಮಾಡಿ" ಎಂದು ಒಂದು ಸಂಘದಿಂದ ಇಮೇಲ್ ಬರುತ್ತದೆ, "ಮಕ್ಕಳ ರಕ್ಷಣೆಗೆ ಈ ಕಾನೂನು ಬೇಕು, ಬೆಂಬಲಿಸಿ" ಎಂದು ಇನ್ನೊಂದರಿಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇವರೆಲ್ಲ ಯಾರು, ಯಾರ ಮಾತನ್ನು ಎಷ್ಟು ನಂಬಬಹುದು? ಮಸೂದೆಯೊಂದು ಬಂದಾಗ ಸಾಮಾನ್ಯ ಪೋಷಕರ ಮಾತಿಗೆ ತೂಕ ಬರುವುದು ಯಾವ ಹಂತದಲ್ಲಿ? ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ) ಇವುಗಳಲ್ಲಿ ಇರುವವರು ಇದರಲ್ಲಿ ಬಾಯಿ ಹಾಕಬಹುದೇ?

ಕಾನೂನಿನ ಹೆಸರು, ಗಡುವು ಸಮೇತ ಹೇಳಿದರೆ ಉಪಕಾರವಾಗುತ್ತದೆ.

---

ಕರಡುಪ್ರತಿ

ಮೊದಲು "ಏಕೆ" ಎಂಬುದು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಹಾಗಾಗಿ ಅದು ರಾಜ್ಯಗಳ ಕೈಯಲ್ಲಿದೆ. ಕಡ್ಡಾಯ ಹಾಜರಾತಿ ಕಾನೂನನ್ನು ಮೊದಲು ತಂದದ್ದು ಮ್ಯಾಸಚೂಸೆಟ್ಸ್, 1852ರಲ್ಲಿ. ಕೊನೆಗೆ ತಂದದ್ದು ಮಿಸಿಸಿಪಿ, 1918ರಲ್ಲಿ. ಮನೆಶಾಲೆಯ ಕಾನೂನೆಂದರೆ ಈ ಹಾಜರಾತಿ ಕಾನೂನಿಗೆ ಪ್ರತಿ ರಾಜ್ಯವೂ ತನ್ನದೇ ರೀತಿಯಲ್ಲಿ ಕೊರೆದ ಕಿಂಡಿ. ಕಿಂಡಿಯ ಆಕಾರ ಬೇರೆಬೇರೆಯಾಗಲು ಕಾರಣ, ಕೆಲವು ಕಡೆ ಅದನ್ನು ಕೊರೆದದ್ದು ನ್ಯಾಯಾಲಯ, ಕೆಲವು ಕಡೆ ಶಾಸನಸಭೆ, ಇನ್ನು ಕೆಲವು ಕಡೆ ಶಿಕ್ಷಣ ಇಲಾಖೆಯ ನಿಯಮ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಎಲ್ಲರ ಬಾಯಲ್ಲೂ ಬರುತ್ತವೆ. 1925ರ ಪಿಯರ್ಸ್ ತೀರ್ಪು, ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕೆಂಬ ಒರೆಗಾನ್ ಕಾನೂನನ್ನು ರದ್ದು ಮಾಡಿತು. 1972ರ ಯೋಡರ್ ತೀರ್ಪು, ಆಮಿಶ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಪಂಗಡದ ಪೋಷಕರು 8ನೇ ತರಗತಿಯ ನಂತರ ಮಕ್ಕಳನ್ನು ಶಾಲೆ ಬಿಡಿಸಬಹುದೆಂದಿತು. ಆದರೆ ಪಿಯರ್ಸ್ ತೀರ್ಪಿನಲ್ಲೇ, ಶಾಲೆಗಳ ಮೇಲೆ ಸಮಂಜಸವಾದ ನಿಯಂತ್ರಣ ಇಡುವ ಅಧಿಕಾರ ರಾಜ್ಯಕ್ಕಿದೆ ಎಂದೂ ಇದೆ. ಈ ಎರಡನೇ ಭಾಗವನ್ನು ಎಚ್ಚರಿಕೆಯ ಇಮೇಲ್‌ಗಳು ಬಿಟ್ಟುಬಿಡುತ್ತವೆ. "ಮನೆಶಾಲೆ ಸಾಂವಿಧಾನಿಕ ಹಕ್ಕು, ಯಾರೂ ಮುಟ್ಟುವಂತಿಲ್ಲ" ಎಂಬ ಮಾತಿಗೆ ಸುಪ್ರೀಂ ಕೋರ್ಟಿನ ನೇರ ಆಧಾರವಿಲ್ಲ. ಅದನ್ನೇ ನಂಬಿ ಅಫಿಡವಿಟ್ ಕೊಡದೆ ಕೂತರೆ ಗೈರುಹಾಜರಿಯ ಮೊಕದ್ದಮೆ ಬರುತ್ತದೆ.

ಟೆಕ್ಸಾಸ್‌ನದು ನ್ಯಾಯಾಲಯದ ಕಿಂಡಿ. 1985ರಲ್ಲಿ ಹೂಡಿದ ಲೀಪರ್ ಮೊಕದ್ದಮೆ 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಮನೆಶಾಲೆಯೂ ಖಾಸಗಿ ಶಾಲೆಯೇ, ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಈ ಐದನ್ನು ಪ್ರಾಮಾಣಿಕವಾಗಿ, ಪಠ್ಯಕ್ರಮ ಇಟ್ಟುಕೊಂಡು ಕಲಿಸಿದರೆ ಸಾಕು ಎಂದಾಯಿತು. ಇಲಿನಾಯ್‌ನಲ್ಲೂ ಇದೇ ಬಗೆ, ಅಲ್ಲಿನದು 1950ರ ಲೆವಿಸನ್ ತೀರ್ಪು. ನ್ಯೂಯಾರ್ಕ್‌ನದು ಇಲಾಖೆಯ ನಿಯಮ, 100.10. ಅಲ್ಲಿ ಜುಲೈ 1ರೊಳಗೆ ಪತ್ರ, ಆಮೇಲೆ ಬೋಧನಾ ಯೋಜನೆ, ವರ್ಷಕ್ಕೆ ನಾಲ್ಕು ತ್ರೈಮಾಸಿಕ ವರದಿ, ಕೊನೆಗೆ ವಾರ್ಷಿಕ ಮೌಲ್ಯಮಾಪನ.

ಪೆನ್ಸಿಲ್ವೇನಿಯಾದ್ದು ಶಾಸನಸಭೆಯ ಕಾನೂನು, 1988ರ ಆಕ್ಟ್ 169. ನಿಮಗೆ ಬೇಕಾದದ್ದು ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಫಿಡವಿಟ್ಟನ್ನು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ (ಸ್ಥಳೀಯ ಸರ್ಕಾರಿ ಶಾಲೆಗಳ ಆಡಳಿತ) ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ ಕೊಡಬೇಕು. ಮೊದಲ ಸಲ ಪಾಠ ಶುರುವಾಗುವ ಮುಂಚೆ, ಆಮೇಲೆ ಪ್ರತಿವರ್ಷ ಆಗಸ್ಟ್ 1ರೊಳಗೆ. ನೋಟರಿ ಮಾಡಿಸಿದ್ದಾದರೂ ಆಗಬಹುದು, ಕಾನೂನು ಒಪ್ಪುವ ಸ್ವಯಂ ಘೋಷಣೆಯಾದರೂ ಆಗಬಹುದು. ಸಹಿ ಹಾಕುವ ಪೋಷಕರಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದ ವಿದ್ಯಾರ್ಹತೆ ಇರಬೇಕು. ಅದರ ಜೊತೆಗೆ ವಿಷಯವಾರು ಕಲಿಕಾ ಉದ್ದೇಶಗಳ ಪಟ್ಟಿ, ಲಸಿಕೆ ಮತ್ತು ಆರೋಗ್ಯ ತಪಾಸಣೆಯ ದಾಖಲೆ, ಮನೆಯಲ್ಲಿರುವ ವಯಸ್ಕರು ಯಾರೂ ಹಿಂದಿನ 5 ವರ್ಷಗಳಲ್ಲಿ ಕಾನೂನಿನಲ್ಲಿ ಹೆಸರಿಸಿದ ಅಪರಾಧಗಳಿಗೆ ಶಿಕ್ಷೆಗೊಳಗಾಗಿಲ್ಲ ಎಂಬ ದೃಢೀಕರಣ. ನಿಗದಿತ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸುತ್ತೇವೆ ಎಂಬ ಭರವಸೆಯೂ ಅದರಲ್ಲಿದೆ. ಕನ್ನಡವನ್ನು ಹೆಚ್ಚುವರಿ ವಿಷಯವಾಗಿ ಎಷ್ಟು ಬೇಕಾದರೂ ಕಲಿಸಿ, ಅಡ್ಡಿಯಿಲ್ಲ.

ಹೊಸಬರು ಎಡವುವುದು ಉದ್ದೇಶಗಳ ಪಟ್ಟಿಯಲ್ಲಿ. ಇಪ್ಪತ್ತು ಪುಟ ಬರೆದು ಕೊಡುತ್ತಾರೆ. ಆ ಪಟ್ಟಿಯ ಆಧಾರದ ಮೇಲೆ ನೀವು ಕಾನೂನು ಪಾಲಿಸಿದಿರೋ ಇಲ್ಲವೋ ಎಂದು ಸೂಪರಿಂಟೆಂಡೆಂಟ್ ತೀರ್ಮಾನಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ವಿಷಯಕ್ಕೆ ಎರಡು ಮೂರು ಸಾಲು ಸಾಕು. ಹೆಚ್ಚು ಕೊಟ್ಟರೆ ಮುಂದಿನ ವರ್ಷ ಎಲ್ಲರಿಂದಲೂ ಅಷ್ಟೇ ನಿರೀಕ್ಷಿಸುವ ಅಭ್ಯಾಸ ಕಚೇರಿಗೆ ಬೆಳೆಯುತ್ತದೆ.

ವರ್ಷಕ್ಕೆ 180 ದಿನ ಪಾಠ, ಅಥವಾ ಪ್ರಾಥಮಿಕ ಮಟ್ಟದಲ್ಲಿ 900 ಗಂಟೆ, ಪ್ರೌಢ ಮಟ್ಟದಲ್ಲಿ 990 ಗಂಟೆ. ದಿನಚರಿ ಪುಸ್ತಕ, ಮಗುವಿನ ಬರವಣಿಗೆಯ ಮಾದರಿ ಸೇರಿಸಿ ಒಂದು ಪೋರ್ಟ್‌ಫೋಲಿಯೊ. 3, 5, 8ನೇ ತರಗತಿಗಳಲ್ಲಿ ಗಣಿತ ಮತ್ತು ಓದು-ಭಾಷೆಯಲ್ಲಿ ಪ್ರಮಾಣೀಕೃತ ಪರೀಕ್ಷೆ, ಅಂದರೆ ನಿಮ್ಮ ಇಬ್ಬರಿಗೂ ಮುಂದಿನ ವರ್ಷವೇ. ಪರೀಕ್ಷೆಯನ್ನು ತಂದೆತಾಯಿಯೇ ನಡೆಸುವಂತಿಲ್ಲ, ಆದ್ದರಿಂದ ಚಳಿಗಾಲದಲ್ಲೇ ಸ್ಥಳ ಕಾಯ್ದಿರಿಸಿ. ಎಲ್ಲವನ್ನೂ ಅರ್ಹ ಮೌಲ್ಯಮಾಪಕರು ನೋಡಿ, ಮಗುವನ್ನು ಮಾತಾಡಿಸಿ, ಪ್ರಮಾಣಪತ್ರ ಕೊಡುತ್ತಾರೆ. ಅದು ಜೂನ್ 30ರೊಳಗೆ ಡಿಸ್ಟ್ರಿಕ್ಟಿಗೆ ತಲುಪಬೇಕು. ಬೆಂಕಿ ಅಪಾಯದ ಬಗ್ಗೆ ಕಲಿಸುವುದು ಕಡ್ಡಾಯ ವಿಷಯಗಳಲ್ಲೊಂದು. ಅದರ ಒಂದು ಹಾಳೆ ಪೋರ್ಟ್‌ಫೋಲಿಯೊದಲ್ಲಿ ಇಲ್ಲದೆ ಎಷ್ಟೋ ಮಂದಿ ಕೊನೆಗಳಿಗೆಯಲ್ಲಿ ಪರದಾಡುತ್ತಾರೆ.

ಮೊದಲು ಪೋರ್ಟ್‌ಫೋಲಿಯೊವನ್ನೇ ಸೂಪರಿಂಟೆಂಡೆಂಟ್‌ಗೆ ಒಪ್ಪಿಸಬೇಕಿತ್ತು. 2014ರ ಆಕ್ಟ್ 196 ಅದನ್ನು ತೆಗೆದುಹಾಕಿತು, ಈಗ ಮೌಲ್ಯಮಾಪಕರ ಪ್ರಮಾಣಪತ್ರ ಮಾತ್ರ ಸಾಕು. ಇದು ಪೋಷಕರ ಸಂಘಗಳು ಕೇಳಿ ಪಡೆದ ಬದಲಾವಣೆ. ಇನ್ನೂ ಹಳೆಯ ರೀತಿಯಲ್ಲೇ ಪೋರ್ಟ್‌ಫೋಲಿಯೊ ಕೇಳುವ ಕಚೇರಿ ಎದುರಾದರೆ ಈ ಕಾನೂನಿನ ಸಂಖ್ಯೆಯನ್ನು ಪತ್ರದಲ್ಲಿ ಬರೆಯಿರಿ.

---

ಬೆಳ್ಳಿಚುಕ್ಕಿ

ಸಂಘಗಳ ಬಗ್ಗೆ ನಾನು ಹೇಳುತ್ತೇನೆ.

ದೊಡ್ಡದು ಹೋಮ್ ಸ್ಕೂಲ್ ಲೀಗಲ್ ಡಿಫೆನ್ಸ್ ಅಸೋಸಿಯೇಷನ್, ಎಚ್‌ಎಸ್‌ಎಲ್‌ಡಿಎ. 1983ರಲ್ಲಿ ಮೈಕಲ್ ಫ್ಯಾರಿಸ್ ಮತ್ತು ಜೆ. ಮೈಕಲ್ ಸ್ಮಿತ್ ಎಂಬ ಇಬ್ಬರು ವಕೀಲರು ಕಟ್ಟಿದ್ದು. ಸದಸ್ಯತ್ವದ ಹಣದಿಂದ ನಡೆಯುತ್ತದೆ. ಸದಸ್ಯರಿಗೆ ತೊಂದರೆ ಬಂದರೆ ವಕೀಲರು ಮಾತಾಡುತ್ತಾರೆ, ಜೊತೆಗೆ ರಾಜ್ಯಗಳಲ್ಲೂ ವಾಷಿಂಗ್ಟನ್‌ನಲ್ಲೂ ಲಾಬಿ ಮಾಡುತ್ತಾರೆ, ಅಂದರೆ ಶಾಸಕರ ಮೇಲೆ ಪ್ರಭಾವ ಬೀರುವ ಪ್ರಯತ್ನ. ಕ್ರೈಸ್ತ ನೆಲೆಯ ಸಂಘ. ಸದಸ್ಯತ್ವಕ್ಕೆ ಧರ್ಮದ ಷರತ್ತಿಲ್ಲ. ಅದರ ನಿಲುವು ಸ್ಥಿರ: ನೋಂದಣಿ, ಪರೀಕ್ಷೆ, ವಿದ್ಯಾರ್ಹತೆ, ಯಾವುದೂ ಹೆಚ್ಚಾಗಬಾರದು.

ಅದರ ಬಲ ದೇಶಕ್ಕೆ ಗೊತ್ತಾದದ್ದು 1994ರಲ್ಲಿ. ಆಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದೆ ಎಚ್.ಆರ್. 6 ಎಂಬ ದೊಡ್ಡ ಶಿಕ್ಷಣ ಮಸೂದೆ ಇತ್ತು. ಶಿಕ್ಷಕರು ತಾವು ಕಲಿಸುವ ವಿಷಯದಲ್ಲೇ ಪ್ರಮಾಣಪತ್ರ ಪಡೆದಿರಬೇಕು ಎಂಬ ಸಾಲನ್ನು ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್‌ನ ಸದಸ್ಯ ಜಾರ್ಜ್ ಮಿಲ್ಲರ್ ಸೇರಿಸಿದ್ದರು. ಮನೆಯಲ್ಲಿ ಕಲಿಸುವವರಿಗೆ ಅನ್ವಯಿಸುವುದು ತಮ್ಮ ಉದ್ದೇಶವಲ್ಲ ಎಂದು ಅವರೇ ಹೇಳಿದರು, ಆದರೆ ಪಠ್ಯದಲ್ಲಿ ಆ ವಿನಾಯಿತಿ ಬರೆದಿರಲಿಲ್ಲ. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಕರೆಗಳು ಬಂದು ಕಾಂಗ್ರೆಸ್ಸಿನ ಫೋನ್ ವ್ಯವಸ್ಥೆಯೇ ಕಟ್ಟಿಕೊಂಡಿತು. ಆ ಸಾಲನ್ನು ತೆಗೆಯಲು ಹೌಸ್‌ನಲ್ಲಿ 424 ಮತ, ಉಳಿಸಲು 1 ಮತ. ಮನೆಶಾಲೆಗೆ ಸ್ಪಷ್ಟ ವಿನಾಯಿತಿ ಕೊಡುವ, ಇನ್ನೊಬ್ಬ ಸದಸ್ಯ ಡಿಕ್ ಆರ್ಮಿಯವರ ತಿದ್ದುಪಡಿಗೆ 374-53. ಇವತ್ತಿಗೂ ಫೆಡರಲ್ ಶಿಕ್ಷಣ ಕಾನೂನಿನ 8506ನೇ ಸೆಕ್ಷನ್‌ನಲ್ಲಿ ಅಂಥದ್ದೇ ರಕ್ಷಣೆಯ ಸಾಲಿದೆ. ಇದರಲ್ಲಿ ಗಮನಿಸಬೇಕಾದದ್ದು ಫೋನ್ ಕರೆಗಳ ಸಂಖ್ಯೆಯಷ್ಟೇ ಅಲ್ಲ. ಒಂದು ವ್ಯಾಖ್ಯೆಯ ಅಸ್ಪಷ್ಟತೆಯನ್ನು ಯಾರೋ ಕೂತು ಓದಿ ಹಿಡಿದರಲ್ಲ, ಅದು ಮುಖ್ಯ.

ರಾಜ್ಯಗಳಲ್ಲಿ ಬೇರೆ ಸಂಘಗಳಿವೆ. ಟೆಕ್ಸಾಸ್‌ನಲ್ಲಿ ಟೆಕ್ಸಾಸ್ ಹೋಮ್ ಸ್ಕೂಲ್ ಕೊಯಲಿಷನ್. ಪೆನ್ಸಿಲ್ವೇನಿಯಾದಲ್ಲಿ ಚಾಪ್ ಎಂದೇ ಕರೆಯುವ ಕ್ರೈಸ್ತ ಪೋಷಕರ ಸಂಘ. ವರ್ಜೀನಿಯಾದಲ್ಲಿ ಎಚ್‌ಇಎವಿ (ಕ್ರೈಸ್ತ ನೆಲೆಯ ಸಂಘ) ಜೊತೆಗೆ, ಧರ್ಮದ ನೆಲೆಯಿಲ್ಲದ ವಿಎ-ಹೋಮ್‌ಸ್ಕೂಲರ್ಸ್. ಕ್ಯಾಲಿಫೋರ್ನಿಯಾದಲ್ಲೂ ಕ್ರೈಸ್ತ ಸಂಘ, ಜಾತ್ಯತೀತ ಸಂಘ ಎರಡೂ ಇವೆ. ಒಂದು ಮಸೂದೆಯ ಬಗ್ಗೆ ಈ ಎರಡು ಬಗೆಯ ಸಂಘಗಳ ಟಿಪ್ಪಣಿಯನ್ನೂ ಓದಿ. ಇಬ್ಬರೂ ಒಂದೇ ಕಲಂ ತೋರಿಸಿ ತಕರಾರು ಎತ್ತಿದ್ದರೆ ಅಲ್ಲಿ ನಿಜವಾದ ತೊಡಕು ಇದೆ ಎಂದರ್ಥ. ಒಬ್ಬರೇ ಕೂಗುತ್ತಿದ್ದರೆ ಮಸೂದೆಯನ್ನೇ ತೆಗೆದು ನೋಡಿ.

ಎದುರು ದಿಕ್ಕಿನಲ್ಲಿ ಕೊಯಲಿಷನ್ ಫಾರ್ ರೆಸ್ಪಾನ್ಸಿಬಲ್ ಹೋಮ್ ಎಜುಕೇಷನ್, ಸಿಆರ್‌ಎಚ್‌ಇ. 2013ರಲ್ಲಿ ಇದನ್ನು ಆರಂಭಿಸಿದವರು ಮನೆಶಾಲೆಯಲ್ಲೇ ಕಲಿತು ಬೆಳೆದವರು. ಮನೆಶಾಲೆ ನಿಲ್ಲಿಸಿ ಎನ್ನುವುದು ಅವರ ಬೇಡಿಕೆಯಲ್ಲ. ಮಗು ಎಲ್ಲಿ ಕಲಿಯುತ್ತಿದೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು, ವರ್ಷಕ್ಕೊಮ್ಮೆ ಹೊರಗಿನವರೊಬ್ಬರು ಮಗುವನ್ನು ನೋಡಬೇಕು, ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆಗೊಳಗಾದವರು ಮನೆಶಾಲೆ ನಡೆಸುವಂತಿರಬಾರದು, ಇಷ್ಟು ಅವರ ಒತ್ತಾಯ. ಇದನ್ನು 2020ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಎಲಿಜಬೆತ್ ಬಾರ್ಥೊಲೆಟ್ ಬರೆದ ಲೇಖನದ ಜೊತೆ ಬೆರೆಸಬೇಡಿ. ಅವರು ವಾದಿಸಿದ್ದು ಮೂಲತಃ ನಿಷೇಧವಿರಲಿ, ಪೋಷಕರು ಕಾರಣ ತೋರಿಸಿ ಅನುಮತಿ ಪಡೆಯಲಿ ಎಂದು. ಎರಡೂ ಬೇರೆ ನಿಲುವುಗಳು. ಎರಡನ್ನೂ ಒಂದೇ ಎಂದು ತೋರಿಸುವ ಇಮೇಲ್ ಬಂದರೆ ಅದರ ಉಳಿದ ಮಾತನ್ನೂ ಪರಿಶೀಲಿಸಿಯೇ ನಂಬಿ.

ಅಂಕಿಅಂಶದ ವಿಷಯಕ್ಕೂ ಇದೇ ಎಚ್ಚರ ಬೇಕು. ಮನೆಶಾಲೆ ಮಕ್ಕಳು ಪರೀಕ್ಷೆಯಲ್ಲಿ ಸರಾಸರಿಗಿಂತ ಬಹಳ ಮುಂದೆ ಎನ್ನಲು 1998ರ ಲಾರೆನ್ಸ್ ರಡ್ನರ್ ಅಧ್ಯಯನವನ್ನು ಈಗಲೂ ಉಲ್ಲೇಖಿಸುತ್ತಾರೆ. 20,760 ಮಕ್ಕಳು, ನೆರವು ಎಚ್‌ಎಸ್‌ಎಲ್‌ಡಿಎಯದು. ಆದರೆ ಆ ಮಕ್ಕಳೆಲ್ಲ ಒಂದೇ ಪರೀಕ್ಷಾ ಸೇವೆಯ ಮೂಲಕ ತಾವಾಗಿ ಪರೀಕ್ಷೆಗೆ ಕೂತವರು. ಇದರಿಂದ ಶಾಲೆಗಿಂತ ಮನೆಶಾಲೆ ಮೇಲು ಎಂದು ತೀರ್ಮಾನಿಸಬಾರದೆಂದು ರಡ್ನರ್ ಅವರೇ ಬರೆದಿದ್ದರು. ಆ ಕಡೆಯವರು ತೋರಿಸುವ ದೌರ್ಜನ್ಯದ ಪ್ರಕರಣಗಳ ಪಟ್ಟಿಗೂ ಇದೇ ಮಿತಿಯಿದೆ. ಅದು ಸುದ್ದಿಯಾದ ಪ್ರಕರಣಗಳ ಸಂಗ್ರಹ, ಪ್ರಮಾಣ ಎಷ್ಟೆಂದು ಅದು ಹೇಳಲಾರದು. ಒಟ್ಟು ಸಂಖ್ಯೆಗೆ ಸರ್ಕಾರದ ಸಮೀಕ್ಷೆ ನೋಡಿ: 1999ರಲ್ಲಿ ಸುಮಾರು 8.5 ಲಕ್ಷ ಮಕ್ಕಳು, 2016ರಲ್ಲಿ ಸುಮಾರು 17 ಲಕ್ಷ. ಕೋವಿಡ್ ಹೊತ್ತಿಗೆ, 2020ರ ವಸಂತದಲ್ಲಿ ಶಾಲಾವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಶೇ 5.4 ಇದ್ದದ್ದು ಅದೇ ಶರತ್ಕಾಲಕ್ಕೆ ಶೇ 11.1 ಆಯಿತೆಂದು ಜನಗಣತಿ ಬ್ಯೂರೊ ಹೇಳಿತು.

---

ಅಡಿಟಿಪ್ಪಣಿ

ಮಸೂದೆಯ ವಿಷಯ. ಸದನದಲ್ಲಿ ಮತ ಹಾಕುವ ದಿನ ಫೋನ್ ಮಾಡಿದರೆ ಹೆಚ್ಚಿನ ಪಾಲು ತಡವಾಗಿರುತ್ತದೆ. ಮಸೂದೆ ಸಾಯುವುದೂ ಬದುಕುವುದೂ ಸಮಿತಿಯಲ್ಲಿ. ಸಮಿತಿಯ ಅಧ್ಯಕ್ಷರು ಅದನ್ನು ಕಾರ್ಯಸೂಚಿಗೆ ಹಾಕದಿದ್ದರೆ ಅಲ್ಲಿಗೆ ಮುಗಿಯಿತು.

ಎರಡು ಉದಾಹರಣೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ಊರಿನಲ್ಲಿ, ಖಾಸಗಿ ಶಾಲೆ ಎಂದು ನೋಂದಾಯಿಸಿದ್ದ ಮನೆಯೊಂದರಲ್ಲಿ ಮಕ್ಕಳನ್ನು ಕೂಡಿಹಾಕಿದ್ದು ಬೆಳಕಿಗೆ ಬಂತು. ಅದರ ಬೆನ್ನಿಗೇ ಎಬಿ 2756 ಎಂಬ ಮಸೂದೆ ಬಂತು. ಮೊದಲ ಕರಡಿನಲ್ಲಿ ಮನೆಶಾಲೆಗಳಿಗೆ ಅಗ್ನಿಶಾಮಕ ತಪಾಸಣೆ ಇತ್ತು. ವಿರೋಧಕ್ಕೆ ಅದನ್ನು ತೆಗೆದು, ಮಾಹಿತಿ ಸಂಗ್ರಹ ಮಾತ್ರ ಉಳಿಸಿದರು. ಏಪ್ರಿಲ್‌ನ ವಿಚಾರಣೆಗೆ ನೂರಾರು ಕುಟುಂಬಗಳು ಬಂದು ಗಂಟೆಗಟ್ಟಲೆ ಸಾಲಾಗಿ ಮೈಕಿನ ಮುಂದೆ ನಿಂತು ಹೆಸರು, ನಿಲುವು ಹೇಳಿದವು. ಕೊನೆಗೆ ಮತಕ್ಕೆ ಹಾಕಿ ಎಂದು ಪ್ರಸ್ತಾಪಿಸಲು ಸಮಿತಿಯ ಒಬ್ಬ ಸದಸ್ಯರೂ ಮುಂದಾಗಲಿಲ್ಲ. ಮಸೂದೆ ಅಲ್ಲೇ ಬಿತ್ತು.

2025ರಲ್ಲಿ ಇಲಿನಾಯ್‌ನ ಎಚ್‌ಬಿ 2827. ಮನೆಶಾಲೆಯ ಘೋಷಣಾಪತ್ರ, ಪೋಷಕರಿಗೆ ಹೈಸ್ಕೂಲ್ ವಿದ್ಯಾರ್ಹತೆ, ಕೇಳಿದಾಗ ಪೋರ್ಟ್‌ಫೋಲಿಯೊ. ಮಾರ್ಚ್‌ನಲ್ಲಿ ಹೌಸ್ ಸಮಿತಿಯಲ್ಲಿ 8-4ರಲ್ಲಿ ಪಾಸಾಯಿತು, ವಸಂತದ ಅಧಿವೇಶನದಲ್ಲಿ ಸದನದ ಮತಕ್ಕೆ ಬರಲೇ ಇಲ್ಲ. ಇಲಿನಾಯ್‌ನಲ್ಲಿ ಶಾಸನಸಭೆಯ ಜಾಲತಾಣದಲ್ಲಿ ವಿಟ್ನೆಸ್ ಸ್ಲಿಪ್, ಅಂದರೆ ಮಸೂದೆಯ ಬಗ್ಗೆ ನಿಲುವು ದಾಖಲಿಸುವ ಚೀಟಿ ತುಂಬಬಹುದು: ಪರ, ವಿರೋಧ ಅಥವಾ ನಿಲುವಿಲ್ಲ. ಮೌಖಿಕವಾಗಿ ಮಾತಾಡುವುದಿಲ್ಲವಾದರೆ "ಹಾಜರಿ ದಾಖಲೆ ಮಾತ್ರ" ಎಂಬುದನ್ನು ಗುರುತಿಸಬೇಕು. ಈ ಮಸೂದೆಗೆ ವಿರೋಧದ ಸ್ಲಿಪ್‌ಗಳು ಹತ್ತಾರು ಸಾವಿರ. ಬಹಳ ಜನ ತಪ್ಪುವುದು ಎಲ್ಲಿ ಎಂದರೆ, ಮೂಲ ಮಸೂದೆಗೆ ತುಂಬಿದ ಸ್ಲಿಪ್ ತಿದ್ದುಪಡಿಗೆ ಅನ್ವಯಿಸುವುದಿಲ್ಲ. ತಿದ್ದುಪಡಿ ಬಂದಾಗ ಅದಕ್ಕೆ ಬೇರೆ ಸ್ಲಿಪ್ ಬೇಕು.

ಪೆನ್ಸಿಲ್ವೇನಿಯಾದಲ್ಲಿ ಮಸೂದೆ ಬರುವ ಮೊದಲೇ ಸುಳಿವು ಸಿಗುತ್ತದೆ. ಮಂಡಿಸುವ ಶಾಸಕರು ಸಹಪ್ರಾಯೋಜಕರನ್ನು ಕೇಳಿಕೊಂಡು ಮೆಮೊ ಹೊರಡಿಸುತ್ತಾರೆ. ಅದು ಶಾಸನಸಭೆಯ ತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಕರಡು ಇನ್ನೂ ಗಟ್ಟಿಯಾಗಿರದ ಆ ಹಂತದಲ್ಲಿ ಕಚೇರಿಗೆ ಬರೆದ ಒಂದು ಪತ್ರ, ಆಮೇಲಿನ ಐವತ್ತು ಕರೆಗಳಿಗಿಂತ ಕೆಲಸ ಮಾಡುತ್ತದೆ. ಮಸೂದೆ ಮುದ್ರಣವಾದಾಗ ಅದಕ್ಕೊಂದು ಪ್ರಿಂಟರ್ಸ್ ನಂಬರ್ ಬರುತ್ತದೆ, ಪ್ರತಿ ತಿದ್ದುಪಡಿಗೂ ಅದು ಬದಲಾಗುತ್ತದೆ. ನೀವು ಓದಿದ್ದು ಯಾವ ನಂಬರಿನ ಪ್ರತಿ ಎಂದು ಪತ್ರದಲ್ಲಿ ಬರೆಯಿರಿ. ಇಲ್ಲದಿದ್ದರೆ ತೆಗೆದುಹಾಕಿದ ಕಲಂ ವಿರುದ್ಧ ವಾದ ಮಾಡುತ್ತಾ ಕೂರುತ್ತೀರಿ, ಸಿಬ್ಬಂದಿ ಪತ್ರವನ್ನು ಪಕ್ಕಕ್ಕಿಡುತ್ತಾರೆ. ಅಲ್ಲಿನ ಅಧಿವೇಶನ ಎರಡು ವರ್ಷದ್ದು. ಸಮಸಂಖ್ಯೆಯ ವರ್ಷದ ನವೆಂಬರ್ 30ಕ್ಕೆ ಪಾಸಾಗದ್ದೆಲ್ಲ ಸತ್ತಂತೆ.

ಪಠ್ಯ ಓದುವಾಗ ಕಣ್ಣು ಎಲ್ಲಿರಬೇಕು? ಮೊದಲು ಕ್ರಿಯಾಪದ. "ತಿಳಿಸಬೇಕು" ಎಂದಿದೆಯೋ, "ಅನುಮತಿ ಪಡೆಯಬೇಕು" ಎಂದಿದೆಯೋ? ತಿಳಿಸಿದರೆ ಸಾಕೆಂದರೆ ಅಧಿಕಾರಿ ಬೇಡ ಎನ್ನಲಾರ, ಅನುಮತಿ ಎಂದರೆ ಎನ್ನಬಲ್ಲ. ಎರಡರ ನಡುವೆ ಅಗಾಧ ಅಂತರವಿದೆ. ಆಮೇಲೆ "ಕೇಳಬಹುದು" ಎಂಬಲ್ಲಿ ಯಾವಾಗ, ಯಾವ ಕಾರಣಕ್ಕೆ, ಎಷ್ಟು ದಿನ ಕೊಟ್ಟು ಎಂದು ಬರೆದಿದೆಯೇ ನೋಡಿ. ಬರೆದಿಲ್ಲವೆಂದರೆ ಒಂದೊಂದು ಡಿಸ್ಟ್ರಿಕ್ಟ್ ಒಂದೊಂದು ಥರ ಮಾಡುತ್ತದೆ. ಮೂರನೆಯದು, "ಇಲಾಖೆ ನಿಯಮಗಳನ್ನು ರೂಪಿಸತಕ್ಕದ್ದು" ಎಂಬ ಒಂದೇ ಸಾಲು. ನೋಡಲು ಮಾಮೂಲಿ, ಆದರೆ ಶಾಸನಸಭೆಗೆ ಮತ್ತೆ ಬಾರದೆ ಹೊಸ ಷರತ್ತು ಸೇರಿಸುವ ಶಕ್ತಿ ಇರುವುದು ಅದರಲ್ಲೇ. ನ್ಯೂಯಾರ್ಕ್‌ನ 100.10 ಇಷ್ಟು ವಿಸ್ತಾರವಾಗಿರುವುದು ಅದು ಇಲಾಖೆಯ ನಿಯಮವಾಗಿರುವುದರಿಂದಲೇ. ಮತ್ತೆ ದಂಡದ ಕಲಂ: ಫಾರ್ಮ್ ತಡವಾದರೆ ಅದು ಗೈರುಹಾಜರಿಯೋ, ಅಪರಾಧವೋ, ಸರಿಪಡಿಸಲು ಅವಕಾಶವಿದೆಯೋ? ಕೊನೆಗೆ ಮಾಹಿತಿ ಯಾರಿಗೆಲ್ಲ ಹೋಗುತ್ತದೆ ಎಂಬುದು, ಜಾರಿಯ ದಿನಾಂಕ.

ಏನೂ ಇಲ್ಲದ ಖಾಲಿ ಮಸೂದೆಯನ್ನು ಮೊದಲು ಪಾಸು ಮಾಡಿಕೊಂಡು, ಆಮೇಲೆ ತಿದ್ದುಪಡಿಯಲ್ಲಿ ಇಡೀ ವಿಷಯ ತುಂಬುವ ರೂಢಿ ಕೆಲವು ರಾಜ್ಯಗಳಲ್ಲಿದೆ, ಇಲಿನಾಯ್‌ನಲ್ಲಿ ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 54ರ ನಂತರ ಅಂತಿಮ ಪಠ್ಯ ಮತದಾನಕ್ಕೆ 72 ಗಂಟೆ ಮುಂಚೆ ತಾಣದಲ್ಲಿರಬೇಕು. ಮಸೂದೆ ಸಂಖ್ಯೆಗೆ ಇಮೇಲ್ ಸೂಚನೆ ಹಾಕಿಕೊಳ್ಳುವ ಸೌಲಭ್ಯ ಬಹುತೇಕ ಶಾಸನಸಭೆಗಳ ತಾಣದಲ್ಲಿದೆ, ಉಚಿತ.

ಹೇಳಿಕೆ ಕೊಡುವುದಾದರೆ ಎರಡು ಮೂರು ನಿಮಿಷ ಸಿಗುತ್ತದೆ. ಅಂದರೆ ಒಂದು ಪುಟ. ಮೊದಲ ಸಾಲಲ್ಲಿ ಮಸೂದೆ ಸಂಖ್ಯೆ, ನಿಲುವು, ನಿಮ್ಮ ಕ್ಷೇತ್ರ. ಆಮೇಲೆ ಒಂದೇ ಒಂದು ಕಲಂ, ಅದು ಕಾರ್ಯರೂಪದಲ್ಲಿ ಏನು ಮಾಡುತ್ತದೆ, ಅದರ ಜಾಗದಲ್ಲಿ ಯಾವ ಪದ ಬೇಕು. "ವಿರೋಧಿಸಿ" ಎನ್ನುವುದಕ್ಕಿಂತ "4ನೇ ಪುಟದ 12ನೇ ಸಾಲಿನಲ್ಲಿ 'ಕೋರಿದಾಗ' ಎಂಬುದನ್ನು 'ಲಿಖಿತ ಕಾರಣ ನೀಡಿ, 30 ದಿನಗಳ ಗಡುವಿನೊಂದಿಗೆ' ಎಂದು ಬದಲಿಸಿ" ಎನ್ನುವುದನ್ನು ಸಮಿತಿಯ ಸಿಬ್ಬಂದಿ ನೇರವಾಗಿ ತಿದ್ದುಪಡಿಗೆ ಎತ್ತಿಕೊಳ್ಳಬಲ್ಲರು. ಸಂಘ ಕಳಿಸಿದ ಸಿದ್ಧಪಠ್ಯವನ್ನು ಹಾಗೇ ಕಳಿಸಿದರೆ ಎಣಿಕೆಗೆ ಸೇರುತ್ತದೆ, ಅಷ್ಟೇ.

---

ತಾಯಿಬೇರು

ಮೇಲಿನ ಉತ್ತರಗಳಲ್ಲಿ ಒಂದು ಕೊರತೆ ಕಾಣುತ್ತಿದೆ. ಮಸೂದೆ ಬಿದ್ದದ್ದನ್ನೆಲ್ಲ ಗೆಲುವು ಎಂಬ ಹಾಗೆ ಓದುವ ಅಪಾಯವಿದೆ.

ಕನೆಕ್ಟಿಕಟ್‌ನ ಚೈಲ್ಡ್ ಅಡ್ವೊಕೇಟ್ ಕಚೇರಿ (ಮಕ್ಕಳ ಹಿತ ನೋಡುವ ರಾಜ್ಯ ಸರ್ಕಾರದ ಕಚೇರಿ) 2018ರಲ್ಲಿ ಒಂದು ವರದಿ ಕೊಟ್ಟಿತು. ಮೂರು ಶಾಲಾವರ್ಷಗಳಲ್ಲಿ ಆರು ಡಿಸ್ಟ್ರಿಕ್ಟುಗಳಿಂದ ಮನೆಶಾಲೆಗೆಂದು ಬಿಡಿಸಿದ 380 ಮಕ್ಕಳಲ್ಲಿ 138 ಮಕ್ಕಳ, ಅಂದರೆ ಶೇ 36ರಷ್ಟು ಮಕ್ಕಳ ಕುಟುಂಬಗಳ ಬಗ್ಗೆ ಮಕ್ಕಳ ರಕ್ಷಣಾ ಇಲಾಖೆಗೆ ಹಿಂದೆ ಒಮ್ಮೆಯಾದರೂ ದೂರು ಹೋಗಿ ದಾಖಲಾಗಿತ್ತು. ದೂರು ಎಂದರೆ ಸಾಬೀತಾದ ತಪ್ಪಲ್ಲ, ನಿಜ. ಆದರೆ ದೂರಿನ ತನಿಖೆ ನಡೆಯುತ್ತಿರುವಾಗಲೇ ಮಗುವನ್ನು ಶಾಲೆಯಿಂದ ಬಿಡಿಸುವುದು ಮತ್ತು ಸಾಮಾನ್ಯ ಕುಟುಂಬ ಮನೆಶಾಲೆ ಆರಿಸಿಕೊಳ್ಳುವುದು ಎರಡೂ ಒಂದೇ ಅಲ್ಲ. ಕಾನೂನು ಈ ಎರಡನ್ನು ಬೇರ್ಪಡಿಸಬೇಕು.

ವೆಸ್ಟ್ ವರ್ಜೀನಿಯಾದಲ್ಲಿ 2018ರಲ್ಲಿ ಸತ್ತ ಒಬ್ಬ ಬಾಲಕಿಯ ಹೆಸರಿನಲ್ಲಿ ಮತ್ತೆ ಮತ್ತೆ ಮಂಡನೆಯಾಗುತ್ತಿರುವ ಮಸೂದೆ ಇರುವುದು ಇಷ್ಟಕ್ಕೇ. ದೌರ್ಜನ್ಯದ ತನಿಖೆ ಬಾಕಿ ಇದ್ದರೆ ಮನೆಶಾಲೆಗೆ ಬದಲಾಯಿಸುವುದನ್ನು ತಡೆಹಿಡಿಯುವುದು. ಪರೀಕ್ಷೆ, ಪಠ್ಯಕ್ರಮ ಯಾವುದನ್ನೂ ಅದು ಮುಟ್ಟುವುದಿಲ್ಲ. ಪೆನ್ಸಿಲ್ವೇನಿಯಾದ 5 ವರ್ಷದ ಅಪರಾಧ ದೃಢೀಕರಣವನ್ನು ಕರಡುಪ್ರತಿಯವರು ಹೇಳಿದರು. ಅರ್ಕನ್ಸಾಸ್‌ನಲ್ಲಿ, ನೋಂದಾಯಿತ ಲೈಂಗಿಕ ಅಪರಾಧಿ ವಾಸಿಸುವ ಮನೆಯಲ್ಲಿ ಮನೆಶಾಲೆ ನಡೆಸುವುದಕ್ಕೆ ತಡೆಯಿದೆ. ಬಹುತೇಕ ರಾಜ್ಯಗಳಲ್ಲಿ ಇಷ್ಟೂ ಇಲ್ಲ. ಎಲ್ಲ ಮಸೂದೆಯನ್ನೂ ಒಂದೇ ಏಟಿಗೆ ವಿರೋಧಿಸುವ ಸಂಘಕ್ಕೆ ಸದಸ್ಯರಾಗಿದ್ದರೆ, ಇಂಥ ಕಿರಿದಾದ ಕಲಂ ಬಗ್ಗೆ ನಿಮ್ಮ ಅಭಿಪ್ರಾಯ ಬೇರೆ ಎಂದು ಶಾಸಕರಿಗೆ ನೀವೇ ಬರೆಯಿರಿ. ಮನೆಶಾಲೆ ನಡೆಸುವವರಿಂದಲೇ ಅಂಥ ಪತ್ರ ಹೋದರೆ ಅದಕ್ಕಿರುವ ತೂಕ ಬೇರೆ ಯಾರ ಪತ್ರಕ್ಕೂ ಇಲ್ಲ.

---

ಕರಡುಪ್ರತಿ

ತಾಯಿಬೇರು ಅವರೇ, ಬೇರ್ಪಡಿಸಬೇಕೆಂಬ ಮಾತನ್ನು ಒಪ್ಪುತ್ತೇನೆ. ಒಂದು ತಿದ್ದುಪಡಿ ಸೇರಿಸುತ್ತೇನೆ. "ತನಿಖೆ ಬಾಕಿ" ಎಂಬುದಕ್ಕೆ ಕಾಲಮಿತಿ ಬರೆಯದೆ ಬಿಟ್ಟರೆ, ನೆರೆಯವರ ಒಂದು ಅನಾಮಧೇಯ ಕರೆಯಿಂದ ಕುಟುಂಬವೊಂದು ತಿಂಗಳುಗಟ್ಟಲೆ ಸಿಕ್ಕಿಬೀಳಬಹುದು. ಇಂತಿಷ್ಟು ದಿನದೊಳಗೆ ತೀರ್ಮಾನ, ಆಗದಿದ್ದರೆ ತಡೆ ತಾನಾಗಿ ತೆರವು ಎಂಬ ಸಾಲು ಇರಬೇಕು. ಶೈಕ್ಷಣಿಕ ವರದಿಯ ಕಲಂಗಳನ್ನೂ ರಕ್ಷಣೆಯ ಕಲಂಗಳನ್ನೂ ಒಂದೇ ಮಸೂದೆಯಲ್ಲಿ ತುರುಕಿದಾಗ ಎರಡೂ ಒಟ್ಟಿಗೆ ಬೀಳುತ್ತವೆ. ವಾರ್ಷಿಕ ಗಣಿತ ಪರೀಕ್ಷೆಯಿಂದ ಹೊಡೆತ ತಿನ್ನುವ ಮಗು ಪತ್ತೆಯಾಗುವುದಿಲ್ಲ.

---

ಹೊಂಗೆನೆರಳು

ಎಲ್ಲರಿಗೂ ಧನ್ಯವಾದ. ವೀಸಾದ ಪ್ರಶ್ನೆ ಉಳಿಯಿತು. ಜೊತೆಗೆ, ಸಂಘಕ್ಕೆ ಹಣ ಕೊಡುವುದಿದ್ದರೆ ಏನು ನೋಡಬೇಕು? ಮಕ್ಕಳ ಕಲಿಕೆಯ ಖರ್ಚಿಗೆ ಸರ್ಕಾರ ಕೊಡುವ ಟೆಕ್ಸಾಸ್‌ನ ಹೊಸ ಶಿಕ್ಷಣ ಖಾತೆಯ ಹಣ ಪೆನ್ಸಿಲ್ವೇನಿಯಾಕ್ಕೆ ಬರುತ್ತದೆಯೇ? ಭಾರತದ ಲಸಿಕೆ ಪುಸ್ತಕ ನಡೆಯುತ್ತದೆಯೇ?

---

ಬೆಳ್ಳಿಚುಕ್ಕಿ

ಶಾಸಕರಿಗೆ ಬರೆಯುವುದು, ಭೇಟಿಯಾಗುವುದು, ಸಮಿತಿಯ ಮುಂದೆ ಹೇಳಿಕೆ ಕೊಡುವುದು, ಇವಕ್ಕೆ ಪೌರತ್ವ ಬೇಕಿಲ್ಲ. ಎಚ್-1ಬಿ, ಎಚ್-4 ಇಬ್ಬರೂ ಮಾಡಬಹುದು. ಆ ಕ್ಷೇತ್ರದ ನಿವಾಸಿ ಎಂದು ಹೇಳಿ, ಮತದಾರ ಎಂದು ಹೇಳಬೇಡಿ. ಸಂಬಳವಿಲ್ಲದೆ ತನ್ನ ಪರವಾಗಿ ಮಾತಾಡುವವರು ಪೆನ್ಸಿಲ್ವೇನಿಯಾದಲ್ಲಿ ಲಾಬಿಗಾರರಾಗಿ ನೋಂದಾಯಿಸಿಕೊಳ್ಳಬೇಕಿಲ್ಲ. ಮುಟ್ಟಲೇಬಾರದ್ದು ಚುನಾವಣಾ ದೇಣಿಗೆ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಫೆಡರಲ್, ರಾಜ್ಯ, ಸ್ಥಳೀಯ ಯಾವ ಚುನಾವಣೆಗೂ, ಯಾವ ರಾಜಕೀಯ ಸಮಿತಿಗೂ ಹಣ ಕೊಡುವಂತಿಲ್ಲ. ಸಂಘಗಳ ಇಮೇಲ್‌ನಲ್ಲಿ "ದೇಣಿಗೆ" ಗುಂಡಿ ಒತ್ತುವ ಮುಂಚೆ ಅದು ಸಂಘಕ್ಕೋ, ಅದರ ರಾಜಕೀಯ ಸಮಿತಿಗೋ ನೋಡಿ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ಸಂಘ ತೆರಿಗೆ ಕಾನೂನಿನ 501(ಸಿ)(3) ವರ್ಗದ ದತ್ತಿಸಂಸ್ಥೆ ಆಗಿದ್ದರೆ ನಿಮ್ಮ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗಬಹುದು, ಆದರೆ ಅದು ಮಾಡುವ ಲಾಬಿಗೆ ಮಿತಿಯಿದೆ. ಲಾಬಿಯನ್ನು ವೆಚ್ಚದಿಂದ ಅಳೆಯುವ 501(ಎಚ್) ನಿಯಮವನ್ನು ಆಯ್ಕೆ ಮಾಡಿಕೊಂಡಿದ್ದರೆ ಆ ಮಿತಿ ಸಂಘದ ಮೊದಲ 5 ಲಕ್ಷ ಡಾಲರ್ ವೆಚ್ಚದ ಶೇ 20, ಆಮೇಲೆ ಇಳಿಯುತ್ತಾ ಗರಿಷ್ಠ 10 ಲಕ್ಷ ಡಾಲರ್. ಜನರನ್ನು ಪ್ರಚೋದಿಸಿ ಕರೆ ಮಾಡಿಸುವುದಕ್ಕೆ ಅದರ ಕಾಲುಭಾಗ ಮಾತ್ರ. 501(ಸಿ)(4) ವರ್ಗದ ಸಂಘ ಆದರೆ ಲಾಬಿಗೆ ಅಂಥ ಮಿತಿಯಿಲ್ಲ, ದೇಣಿಗೆಗೆ ವಿನಾಯಿತಿಯೂ ಇಲ್ಲ. ಎರಡೂ ಬಗೆಯವರು ಸಲ್ಲಿಸುವ ವಾರ್ಷಿಕ ತೆರಿಗೆ ವರದಿ ಫಾರ್ಮ್ 990 ಸಾರ್ವಜನಿಕ ದಾಖಲೆ. ವೇತನ, ಲಾಬಿ ವೆಚ್ಚ ಅದರಲ್ಲಿ ಕಾಣುತ್ತದೆ.

ಟೆಕ್ಸಾಸ್‌ನ 2025ರ ಎಸ್‌ಬಿ 2 ಖಾತೆ ಆ ರಾಜ್ಯದ ನಿವಾಸಿಗಳಿಗೆ, ಮನೆಶಾಲೆ ಮಕ್ಕಳಿಗೆ ವರ್ಷಕ್ಕೆ 2,000 ಡಾಲರ್ ತನಕ. ವಾಸ ಬದಲಾದರೆ ಇಲ್ಲ. ಅಂದಹಾಗೆ, ಇಂಥ ಖಾತೆಗಳ ವಿಷಯದಲ್ಲಿ ಮನೆಶಾಲೆ ಸಂಘಗಳೇ ಎರಡು ಹೋಳು. ಸರ್ಕಾರದ ಹಣ ಬಂದರೆ ಷರತ್ತೂ ಬರುತ್ತದೆ ಎಂಬ ಅಂಜಿಕೆಗೆ ಆಧಾರವಿದೆ. ಅರಿಜೋನಾದಲ್ಲಿ ಖಾತೆ ತೆಗೆದುಕೊಂಡ ಮಗು ಕಾನೂನಿನ ಕಣ್ಣಿಗೆ ಮನೆಶಾಲೆಯ ಮಗುವೇ ಅಲ್ಲ, ಮನೆಶಾಲೆಯ ಅಫಿಡವಿಟ್ ಬಿಟ್ಟು ರಾಜ್ಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು.

---

ಕರಡುಪ್ರತಿ

ಲಸಿಕೆಗೆ: ಭಾರತದ ಪುಸ್ತಕವನ್ನು ನೇರವಾಗಿ ಕೊಟ್ಟರೆ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಗೊಂದಲವಾಗುತ್ತದೆ. ಬಿಸಿಜಿ ಇಲ್ಲಿನ ಪಟ್ಟಿಯಲ್ಲಿಲ್ಲ, ದಿನಾಂಕವನ್ನು ನಾವು ದಿನ-ತಿಂಗಳು ಎಂದು ಬರೆಯುತ್ತೇವೆ, ಅವರು ತಿಂಗಳು-ದಿನ ಎಂದು ಓದುತ್ತಾರೆ. ಟೆಕ್ಸಾಸ್ ಬಿಡುವ ಮುಂಚೆ ಮಕ್ಕಳ ವೈದ್ಯರಿಂದ ಎಲ್ಲ ಡೋಸ್‌ಗಳನ್ನೂ ಇಲ್ಲಿನ ನಮೂನೆಗೆ ಇಳಿಸಿಕೊಂಡು ಸಹಿ ಹಾಕಿಸಿ. ಪೆನ್ಸಿಲ್ವೇನಿಯಾದಲ್ಲಿ 7ನೇ ತರಗತಿಗೆ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಮತ್ತು ಮೆನಿಂಜೈಟಿಸ್ ಲಸಿಕೆ ಕೇಳುತ್ತಾರೆ. ನಿಮ್ಮ ದೊಡ್ಡವನಿಗೆ ಅವೆರಡು ಆಗಿವೆಯೇ ನೋಡಿಕೊಳ್ಳಿ.

ಅಫಿಡವಿಟ್ಟನ್ನು ಸ್ವೀಕೃತಿ ರಸೀದಿ ಬರುವ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ಅಥವಾ ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ವಿಶೇಷ ಶಿಕ್ಷಣದ ಅಗತ್ಯವಿದೆ ಎಂದು ಗುರುತಿಸಿದ ಮಗು ಇದ್ದರೆ, ಆ ಅಗತ್ಯಕ್ಕೆ ಪಾಠಯೋಜನೆ ಸರಿಯಾಗಿದೆ ಎಂದು ವಿಶೇಷ ಶಿಕ್ಷಣದ ಪ್ರಮಾಣಿತ ಶಿಕ್ಷಕರು ಅಥವಾ ಮನಃಶಾಸ್ತ್ರಜ್ಞರು ಬರೆದುಕೊಟ್ಟ ಒಪ್ಪಿಗೆಯನ್ನು ಅದೇ ಲಕೋಟೆಯಲ್ಲಿ ಸೇರಿಸಬೇಕು. ಅದಿಲ್ಲದಿದ್ದರೆ ಅಫಿಡವಿಟ್ ಅಪೂರ್ಣ.